ಕ್ಲೋಜರ್ ಕೋಡಿನಿಂದ ಡೇಟಾಮಿಕ್ ಟ್ರಾನ್ಸಾಕ್ಷನ್ ಫಂಕ್ಷನ್: ಯಾವ ದಾರಿ, ಯಾವಾಗ?

ಬಸವನಗುಡಿ, ಜಯನಗರ, ಮಲ್ಲೇಶ್ವರದ ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದನ್ನು ಊಹಿಸಿಕೊಳ್ಳಿ. ಮಂಟಪ ಒಂದೇ, ಮುಹೂರ್ತದ ದಿನವೂ ಒಂದೇ, ಬೇಕು ಅನ್ನುವವರು ಎರಡು ಮನೆಯವರು. ಇಬ್ಬರೂ ಒಂದೇ ಹೊತ್ತಿಗೆ ಅಡ್ವಾನ್ಸ್ ಕಟ್ಟುವ ಬಟನ್ ಒತ್ತುತ್ತಾರೆ. ಒಬ್ಬರಿಗೆ ರಸೀದಿ ಹೋಗಬೇಕು. ಇನ್ನೊಬ್ಬರಿಗೆ ‘ಆಗಲೇ ಬುಕ್ ಆಗಿದೆ’ ಅನ್ನುವ ಉತ್ತರ ಹೋಗಬೇಕು. ಇಬ್ಬರಿಗೂ ರಸೀದಿ ಹೋಗಿಬಿಟ್ಟರೆ ಆ ಜಗಳ ಬಿಡಿಸೋಕೆ ಯಾವ ಪ್ರೋಗ್ರಾಮರ್ ಕೈಯಲ್ಲೂ ಆಗುವುದಿಲ್ಲ.

ಈ ಬರಹ ಕ್ಲೋಜರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮತ್ತು ಡೇಟಾಮಿಕ್ ಅನ್ನುವ ಡೇಟಾಬೇಸ್ ಬಳಸುವ ತಂಡಗಳಿಗಾಗಿ. 2023ರಲ್ಲಿ ಡೇಟಾಮಿಕ್‌ಗೆ ಲೈಸೆನ್ಸ್ ಹಣ ಕೊಡುವ ಅಗತ್ಯ ಹೋಯಿತು. ಹಾಗಾಗಿ ಬೆಂಗಳೂರಿನ ಸಣ್ಣ ತಂಡಗಳೂ ಈಗ ಧೈರ್ಯವಾಗಿ ಅದನ್ನು ಕೈಗೆತ್ತಿಕೊಳ್ಳಬಹುದು. ಕೈಗೆತ್ತಿಕೊಂಡ ಸ್ವಲ್ಪ ದಿನಕ್ಕೇ ಒಂದು ಪ್ರಶ್ನೆ ಬರುತ್ತದೆ. ನಾವು ಬರೆದ ಮಾಮೂಲಿ ಕ್ಲೋಜರ್ ಫಂಕ್ಷನ್ನನ್ನು ಡೇಟಾಬೇಸಿನ ಒಳಗೆ, ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಒಂದು ಬರವಣಿಗೆ) ನಡೆಯುವ ಜಾಗದಲ್ಲೇ, ಓಡಿಸುವುದು ಹೇಗೆ?

ಡೇಟಾಮಿಕ್‌ನಲ್ಲಿ ಓದುವ ಕೆಲಸ ನಿಮ್ಮ ಅಪ್ಲಿಕೇಶನ್ನಿನ ಒಳಗೇ ನಡೆಯುತ್ತದೆ. ಆ ಭಾಗಕ್ಕೆ ಪೀರ್ ಅನ್ನುತ್ತಾರೆ. ಬರೆಯುವ ಕೆಲಸವೆಲ್ಲ ಟ್ರಾನ್ಸಾಕ್ಟರ್ ಅನ್ನುವ ಒಂದೇ ಪ್ರೋಸೆಸ್ ಮೂಲಕ, ಒಂದಾದ ಮೇಲೆ ಒಂದರಂತೆ ಹೋಗುತ್ತದೆ. ಮಂಟಪದ ಮ್ಯಾನೇಜರ್ ಹತ್ತಿರ ಒಂದೇ ಬುಕಿಂಗ್ ಡೈರಿ ಇರುತ್ತದಲ್ಲ, ಹಾಗೆ. ಟ್ರಾನ್ಸಾಕ್ಷನ್ ಫಂಕ್ಷನ್ ಓಡುವುದು ಈ ಟ್ರಾನ್ಸಾಕ್ಟರ್ ಒಳಗೆ. ಆ ಕ್ಷಣದ ಡೇಟಾಬೇಸ್ ಅದಕ್ಕೆ ಮೊದಲನೇ ಆರ್ಗ್ಯುಮೆಂಟ್ ಆಗಿ ಬರುತ್ತದೆ, ನೀವು ಕೊಟ್ಟ ಉಳಿದವು ಆಮೇಲೆ. ಅದು ವಾಪಸ್ ಕೊಡುವುದು ಬರಿಯ ಡೇಟಾ: ಏನೇನು ಬರೆಯಬೇಕು ಅನ್ನುವ ಪಟ್ಟಿ. ಮಧ್ಯದಲ್ಲಿ ಇನ್ನೊಬ್ಬರು ನುಗ್ಗಲು ಸಾಧ್ಯವೇ ಇಲ್ಲ.

ಈ ಆಕಾರ ನಮಗೆ ತುಂಬ ಅನುಕೂಲ. ಡೇಟಾಬೇಸ್ ಮತ್ತು ಆರ್ಗ್ಯುಮೆಂಟ್ ಒಳಗೆ, ಡೇಟಾ ಹೊರಗೆ. ಇದು ಸಾದಾ ಕ್ಲೋಜರ್ ಫಂಕ್ಷನ್ ಅಲ್ವಾ? ಅದನ್ನು ಸಾದಾ ಫಂಕ್ಷನ್ ಆಗಿಯೇ ಬರೆಯಿರಿ, ಸಾದಾ ಫಂಕ್ಷನ್ ಆಗಿಯೇ ಟೆಸ್ಟ್ ಮಾಡಿ. ಅದನ್ನು ಟ್ರಾನ್ಸಾಕ್ಟರ್‌ಗೆ ತಲುಪಿಸುವುದು ಸಾಗಾಟದ ವಿಷಯ ಅಷ್ಟೇ. ಕೆಳಗೆ ಹೋಲಿಸುವ ದಾರಿಗಳೆಲ್ಲ ಸಾಗಾಟದ ದಾರಿಗಳು. ಸಾಗಾಟಕ್ಕೋಸ್ಕರ ಕೋಡನ್ನು ಕೆಡಿಸಿಕೊಳ್ಳಬೇಕಾಗಿ ಬಂದರೆ ದಾರಿ ತಪ್ಪಿದೆ ಅಂತಲೇ ನಾನು ಹೇಳುತ್ತೇನೆ.

ಫಂಕ್ಷನ್ ನಿಜವಾಗಲೂ ಬೇಕಾ?

ತುಂಬ ಸಲ ಬೇಡ. ಇದನ್ನು ಮೊದಲೇ ನೋಡಿಕೊಂಡರೆ ಕೆಲಸ ಎಷ್ಟೋ ಉಳಿಯುತ್ತದೆ.

ನಿಮ್ಮ ಮಂಟಪಗಳನ್ನು ‘ಬೆಳಗ್ಗೆ’, ‘ಸಂಜೆ’ ಅಂತ ಎರಡೇ ಹೊತ್ತಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ ಅನ್ನಿ. ಆಗ ಮಂಟಪ, ತಾರೀಖು, ಹೊತ್ತು ಮೂರನ್ನೂ ಸೇರಿಸಿ ಒಂದು ಕಾಂಪೋಸಿಟ್ ಟ್ಯೂಪಲ್ ಮಾಡಿ, ಅದನ್ನು ಯೂನೀಕ್ (ಎರಡು ಸಲ ಬರಬಾರದು) ಅಂತ ಗುರುತಿಸಿದರೆ ಸಾಕು. 2019ರಿಂದ ಡೇಟಾಮಿಕ್‌ನಲ್ಲಿ ಈ ಸೌಲಭ್ಯ ಇದೆ. ಎರಡನೆಯವರ ಟ್ರಾನ್ಸಾಕ್ಷನ್ ತಾನಾಗಿಯೇ ಬಿದ್ದುಹೋಗುತ್ತದೆ, ಒಂದು ಸಾಲು ಕೋಡೂ ಬೇಡ. ಒಂದು ಎಚ್ಚರಿಕೆ: ಯೂನೀಕ್‌ನಲ್ಲಿ ‘ವ್ಯಾಲ್ಯೂ’ ಅನ್ನುವ ಬಗೆಯನ್ನು ಆರಿಸಿ, ‘ಐಡೆಂಟಿಟಿ’ ಅಲ್ಲ. ಐಡೆಂಟಿಟಿ ಇರುವುದು ಆಗಲೇ ಇರುವ ದಾಖಲೆಯನ್ನು ಹುಡುಕಿ ಅದರ ಮೇಲೇ ಬರೆಯುವುದಕ್ಕೆ. ಬುಕಿಂಗ್‌ಗೆ ಅದು ಬೇಡ.

ಎರಡನೆಯದು ಕ್ಯಾಸ್, ಅಂದರೆ ಕಂಪೇರ್-ಅಂಡ್-ಸ್ವಾಪ್. ಇದು ಡೇಟಾಮಿಕ್ ಜೊತೆಗೇ ಬರುವ ಟ್ರಾನ್ಸಾಕ್ಷನ್ ಫಂಕ್ಷನ್. ‘ಈ ಮಂಟಪದ ಆವೃತ್ತಿ ಸಂಖ್ಯೆ ಈಗಲೂ 41 ಆಗಿದ್ದರೆ 42 ಮಾಡು, ಇಲ್ಲದಿದ್ದರೆ ಇಡೀ ಟ್ರಾನ್ಸಾಕ್ಷನ್ ಕೈಬಿಡು’ ಅಂತ ಅದಕ್ಕೆ ಹೇಳಬಹುದು. ಲೆಕ್ಕವೆಲ್ಲ ಪೀರ್‌ನಲ್ಲಿ ಮಾಡಿ, ಕೊನೆಗೆ ಈ ಕ್ಯಾಸ್ ಸೇರಿಸಿ ಕಳಿಸಿ. ಬಿದ್ದುಹೋದರೆ ಹೊಸ ಡೇಟಾಬೇಸ್ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿ. ಮತ್ತೆ ಪ್ರಯತ್ನಿಸುವ ಮುಂಚೆ ಸಿಂಕ್ ಮಾಡುವುದು ಮರೆಯಬೇಡಿ. ಪೀರ್ ಸ್ವಲ್ಪ ಹಿಂದೆ ಬಿದ್ದಿದ್ದರೆ ಹಳೆಯ ಸಂಖ್ಯೆಯನ್ನೇ ಓದಿ ಮತ್ತೆ ಸೋಲುತ್ತದೆ.

ಒಂದೊಂದು ಮಂಟಪಕ್ಕೂ ಒಂದೊಂದು ಆವೃತ್ತಿ ಸಂಖ್ಯೆ ಇದ್ದರೆ ಜಗಳ ಆ ಮಂಟಪದ ಒಳಗೆ ಮಾತ್ರ. ಒಂದೇ ಕ್ಷಣದಲ್ಲಿ ಒಂದೇ ಮಂಟಪಕ್ಕೆ ಇಬ್ಬರು ಬರುವುದು ಅಪರೂಪ. ಹಾಗಾಗಿ ತೀರ್ಮಾನ ಒಂದು ವಸ್ತುವಿಗೆ ಮಾತ್ರ ಸೇರಿದ್ದರೆ ನನ್ನ ಮೊದಲ ಆಯ್ಕೆ ಕ್ಯಾಸ್. ಸರ್ವರ್ ಮುಂಬೈಯಲ್ಲಿದ್ದು ಪೀರ್ ಬೆಂಗಳೂರಿನಲ್ಲಿದ್ದರೆ ಪ್ರತಿ ಸೋಲಿಗೂ ಒಂದು ಸುತ್ತು ಓಡಾಟ ಜಾಸ್ತಿ ಆಗುತ್ತದೆ, ಅದೊಂದು ನೆನಪಿರಲಿ.

ಫಂಕ್ಷನ್ ಬೇಕಾಗುವುದು ಇದಕ್ಕಿಂತ ಮುಂದೆ. ನಮ್ಮ ಕಡೆಯ ಮದುವೆ ಒಂದು ಹೊತ್ತಿಗೆ ಮುಗಿಯುವುದಿಲ್ಲ. ಹಿಂದಿನ ದಿನ ಸಂಜೆ ಆರತಕ್ಷತೆ, ಮಾರನೇ ದಿನ ಬೆಳಗ್ಗೆ ಮುಹೂರ್ತ. ಒಬ್ಬರು ಮಧ್ಯಾಹ್ನ 3ಕ್ಕೇ ಕೀಲಿ ಕೇಳುತ್ತಾರೆ, ಇನ್ನೊಬ್ಬರು ಮಾರನೇ ದಿನ ಸಂಜೆ 5ರವರೆಗೆ ಬಿಡುವುದಿಲ್ಲ. ಜೊತೆಗೆ ಊಟದ ಹಾಲ್, ಮೇಲಿನ ರೂಮುಗಳು, ಅಡುಗೆ ಮನೆ ಬೇರೆ ಬೇರೆ ಬಾಡಿಗೆ. ಈಗ ‘ಈ ಅವಧಿ ಇನ್ನೊಂದು ಅವಧಿಯ ಮೇಲೆ ಬೀಳುತ್ತದಾ’ ಅಂತ ನೋಡಬೇಕು, ಅದೂ ನಾಲ್ಕಾರು ವಸ್ತುಗಳಿಗೆ ಒಟ್ಟಿಗೆ. ಇದು ಯೂನೀಕ್‌ಗೂ ಸಿಗುವುದಿಲ್ಲ, ಒಂದು ಕ್ಯಾಸ್‌ಗೂ ಸಿಗುವುದಿಲ್ಲ. ಇಲ್ಲಿ ಬರೆಯಿರಿ ಫಂಕ್ಷನ್.

ಕೈಯಾರೆ ಕೋಟ್ ಮಾಡಿ ಡೇಟಾಬೇಸಿಗೆ ಹಾಕುವುದು

ಮೊದಲಿನಿಂದ ಇರುವ ದಾರಿ ಇದು. ಫಂಕ್ಷನ್ನಿನ ಪ್ಯಾರಾಮೀಟರ್‌ಗಳು, ಬೇಕಾದ ನೇಮ್‌ಸ್ಪೇಸ್‌ಗಳ ಪಟ್ಟಿ, ಕೋಟ್ ಮಾಡಿದ (ಓಡಿಸದೆ ಡೇಟಾ ಆಗಿಯೇ ಇಟ್ಟ) ಕೋಡು, ಇವನ್ನೆಲ್ಲ ಒಂದು ಮ್ಯಾಪ್‌ನಲ್ಲಿ ಇಟ್ಟು, ಒಂದು ಹೆಸರು ಕೊಟ್ಟು, ಬೇರೆ ಡೇಟಾದ ಹಾಗೇ ಟ್ರಾನ್ಸಾಕ್ಟ್ ಮಾಡುತ್ತೀರಿ. ಆಮೇಲೆ ಆ ಹೆಸರಿನಿಂದ ಕರೆಯುತ್ತೀರಿ.

ಇದರಲ್ಲಿ ಎರಡು ಒಳ್ಳೆಯ ಗುಣ ಇವೆ. ಟ್ರಾನ್ಸಾಕ್ಟರನ್ನು ಮುಟ್ಟಬೇಕಾಗಿಲ್ಲ, ರೀಸ್ಟಾರ್ಟ್ ಬೇಡ. ಮತ್ತೆ ಕೋಡು ಡೇಟಾಬೇಸಿನಲ್ಲೇ ಇರುವುದರಿಂದ ಅದಕ್ಕೂ ಇತಿಹಾಸ ಉಳಿಯುತ್ತದೆ. ಹೋದ ಮಾಘದಲ್ಲಿ ಯಾವ ಕೋಡು ಇತ್ತು ಅಂತ ಆ ದಿನದ ಡೇಟಾಬೇಸನ್ನೇ ಕೇಳಬಹುದು.

ತೊಂದರೆ ಬರೆಯುವವರಿಗೆ. ಕೋಟ್ ಒಳಗಿನ ಕೋಡು ಎಡಿಟರ್ ಕಣ್ಣಿಗೆ ಬರಿಯ ಪಟ್ಟಿ. ಲಿಂಟರ್ ಅದರೊಳಗೆ ತಪ್ಪು ಹಿಡಿಯುವುದಿಲ್ಲ, ಹೆಸರು ಬದಲಾಯಿಸಿದರೆ ಅಲ್ಲಿ ಬದಲಾಗುವುದಿಲ್ಲ. ನಿಮ್ಮ ನೇಮ್‌ಸ್ಪೇಸಿನ ಏಲಿಯಸ್ ಅಲ್ಲಿ ನಡೆಯುವುದಿಲ್ಲ. ಪಕ್ಕದ ಹೆಲ್ಪರ್ ಫಂಕ್ಷನ್ನನ್ನು ಕರೆಯಲಾಗುವುದಿಲ್ಲ, ಏಕೆಂದರೆ ಟ್ರಾನ್ಸಾಕ್ಟರ್‌ನಲ್ಲಿ ಅದು ಇಲ್ಲವೇ ಇಲ್ಲ. ಸಾದಾ ಕೋಟ್ ಬಿಟ್ಟು ಸಿಂಟ್ಯಾಕ್ಸ್ ಕೋಟ್ ಬಳಸಿದರೆ ಹೆಸರುಗಳೆಲ್ಲ ಪೂರ್ತಿ ಹೆಸರಾಗುತ್ತವೆ ನಿಜ. ಆದರೆ ಒಳಗಿನ ಲೋಕಲ್ ಹೆಸರುಗಳಿಗೂ ನೇಮ್‌ಸ್ಪೇಸ್ ಅಂಟಿಕೊಂಡು ಕೋಡು ಕಂಪೈಲ್ ಆಗುವುದೇ ಇಲ್ಲ.

ಐದಾರು ಸಾಲಿನ ಫಂಕ್ಷನ್ನಿಗೆ ಇದು ಸಾಕು. ಉದಾಹರಣೆಗೆ, ರಸೀದಿ ಸಂಖ್ಯೆ ಒಂದು ಹೆಚ್ಚಿಸುವುದು. ಅವಧಿ ತಾಳೆ ನೋಡುವ ನಮ್ಮ ಕೆಲಸಕ್ಕೆ ಬೇಡ.

ಸಾದಾ ಕೋಡಿನಿಂದ ಹುಟ್ಟಿಸುವುದು

ಇಲ್ಲಿಂದ ವಿಷಯ ಸ್ವಾರಸ್ಯ. ಫಂಕ್ಷನ್ನನ್ನು ಮಾಮೂಲಿಯಾಗಿ ಬರೆಯುತ್ತೀರಿ, ಹೊರಗಡೆ ನಿಮ್ಮದೇ ಒಂದು ಮ್ಯಾಕ್ರೊ, ಅಂದರೆ ಕೋಡನ್ನು ತೆಗೆದುಕೊಂಡು ಕೋಡು ಹುಟ್ಟಿಸುವ ಕೋಡು, ಹಾಕುತ್ತೀರಿ. ಆ ಮ್ಯಾಕ್ರೊ ಎರಡು ವಸ್ತು ಕೊಡುತ್ತದೆ. ಒಂದು, ಟೆಸ್ಟ್‌ನಲ್ಲಿ ನೇರ ಕರೆಯಬಹುದಾದ ಸಾದಾ ಫಂಕ್ಷನ್. ಇನ್ನೊಂದು, ಡೇಟಾಬೇಸಿಗೆ ಹಾಕಲು ತಯಾರಾದ ಡೇಟಾ. ಕ್ಲೋಜರ್‌ನಲ್ಲಿ ಕೋಡೇ ಡೇಟಾ ಆಗಿರುವುದರಿಂದ ಇದು ಸಾಧ್ಯ. ಮೊದಲ ಕರಡನ್ನು ಒಂದು ಮಧ್ಯಾಹ್ನದಲ್ಲಿ ಬರೆದುಬಿಡಬಹುದು. ನಂಬುವಂಥದ್ದು ಮಾಡುವುದು ಬೇರೆ ಮಾತು.

ಮೊದಲ ಕೆಲಸ ಹೆಸರುಗಳನ್ನು ಬಿಡಿಸುವುದು. ಸಿಕ್ಕ ಸಿಂಬಲ್‌ಗಳನ್ನೆಲ್ಲ ಹುಡುಕಿ ಪೂರ್ತಿ ಹೆಸರು ಹಾಕುವ ಮ್ಯಾಕ್ರೊ ಬೇಗ ಮುರಿಯುತ್ತದೆ. ನಿಮ್ಮ ಪ್ಯಾರಾಮೀಟರಿಗೆ ‘ನೇಮ್’ ಅಂತ ಹೆಸರಿದ್ದರೆ, ಅದೇ ಹೆಸರಿನ ಫಂಕ್ಷನ್ ಕ್ಲೋಜರ್ ಕೋರ್‌ನಲ್ಲೂ ಇದೆ. ಯಾವುದು ಲೋಕಲ್, ಯಾವುದು ಹೊರಗಿನದು ಅಂತ ತಿಳಿಯದೆ ಬದಲಾಯಿಸಿದರೆ ಅರ್ಥವೇ ಬದಲಾಗುತ್ತದೆ. ಇದನ್ನು ನೀವೇ ಕಟ್ಟಲು ಹೋಗಬೇಡಿ. ಕ್ಲೋಜರ್ ಯೋಜನೆಯದೇ ಆದ ಟೂಲ್ಸ್ ಅನಲೈಸರ್ ಲೈಬ್ರರಿ ಲೋಕಲ್‌ಗಳನ್ನು ಸರಿಯಾಗಿ ಗುರುತಿಸುತ್ತದೆ.

ಎರಡನೆಯದು ಹೆಲ್ಪರ್‌ಗಳು. ‘ಅವಧಿ ತಾಗುತ್ತದಾ’ ಅನ್ನುವ ಚಿಕ್ಕ ಫಂಕ್ಷನ್ ಇದೆ, ಅದು ಇನ್ನೊಂದನ್ನು ಕರೆಯುತ್ತದೆ. ಹುಟ್ಟಿಸುವ ಕೋಡು ಈ ಸರಪಳಿ ಹಿಡಿದು ಹೋಗಿ, ನಿಮ್ಮ ನೇಮ್‌ಸ್ಪೇಸ್‌ಗಳಿಗೆ ಸೇರಿದ್ದನ್ನೆಲ್ಲ ಮುಖ್ಯ ಫಂಕ್ಷನ್ನಿನ ಒಳಗೇ ಲೋಕಲ್ ಫಂಕ್ಷನ್ ಆಗಿ, ಲೆಟ್‌ಎಫ್‌ಎನ್ ಮಾಡಿ ಇಡಬೇಕು. ಒಂದನ್ನೊಂದು ಕರೆಯುವ ಫಂಕ್ಷನ್‌ಗಳೂ ಅದರಲ್ಲಿ ನಡೆಯುತ್ತವೆ. ಕ್ಲೋಜರ್ ಕೋರ್‌ನದು, ಡೇಟಾಮಿಕ್‌ನದು ಟ್ರಾನ್ಸಾಕ್ಟರ್‌ನಲ್ಲಿ ಇದ್ದೇ ಇವೆ, ಅವನ್ನು ಹಾಗೇ ಬಿಡಿ. ಕೋರ್‌ನ ಮ್ಯಾಕ್ರೊಗಳನ್ನೂ ಬಿಡಿಸಬೇಡಿ, ಅಲ್ಲಿಗೆ ಹೋದ ಮೇಲೆ ಅವೇ ಬಿಚ್ಚಿಕೊಳ್ಳುತ್ತವೆ. ನಿಮ್ಮ ಸ್ವಂತ ಮ್ಯಾಕ್ರೊಗಳನ್ನು ಮಾತ್ರ ಇಲ್ಲೇ ಬಿಡಿಸಿ ಕಳಿಸಿ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಹೊತ್ತೊಯ್ಯಲಾಗದ್ದನ್ನು ಬೇಡ ಅನ್ನುವುದು. ರೆಕಾರ್ಡ್, ಪ್ರೋಟೋಕಾಲ್, ಮಲ್ಟಿಮೆಥಡ್, ಆಟಮ್, ಡೈನಾಮಿಕ್ ವೇರಿಯಬಲ್, ಓಡುವ ಹೊತ್ತಿನ ಬೆಲೆಯನ್ನು ಹಿಡಿದಿಟ್ಟುಕೊಂಡ ಕ್ಲೋಷರ್, ಇವು ಯಾವುವೂ ಕೋಡಾಗಿ ಆ ಕಡೆ ಹೋಗುವುದಿಲ್ಲ. ಮಲ್ಟಿಮೆಥಡ್‌ನ ಮೆಥಡ್‌ಗಳು ಬೇರೆ ಬೇರೆ ಫೈಲಿನಲ್ಲಿ ಇರುತ್ತವೆ. ಅದರ ಹೆಸರೊಂದೇ ಹೋಗಿ ಏನು ಪ್ರಯೋಜನ? ಇಂಥದ್ದು ಕಂಡ ಕೂಡಲೇ ಮ್ಯಾಕ್ರೊ ಕಂಪೈಲ್ ಹೊತ್ತಿನಲ್ಲೇ ಎರರ್ ಕೊಡಬೇಕು. ಸುಮ್ನೆ ಒಪ್ಪಿಕೊಂಡರೆ ಆ ಎರರ್ ಮುಹೂರ್ತದ ಸೀಸನ್ನಿನ ನಡುರಾತ್ರಿ ಟ್ರಾನ್ಸಾಕ್ಟರ್‌ನಲ್ಲಿ ಬರುತ್ತದೆ. ಯಾವ ಲೈಬ್ರರಿ ಆರಿಸಿದರೂ, ತಂಡದಲ್ಲೇ ಬರೆದರೂ, ನಾನು ಮೊದಲು ನೋಡುವುದು ಇದು ಏನೇನನ್ನು ನಿರಾಕರಿಸುತ್ತದೆ ಅನ್ನುವುದನ್ನು.

ಇನ್ನೆರಡು ಸೂಕ್ಷ್ಮ ಇವೆ. ಟ್ರಾನ್ಸಾಕ್ಟರ್ ತನ್ನದೇ ಕ್ಲೋಜರ್ ಇಟ್ಟುಕೊಂಡಿರುತ್ತದೆ. ನಿಮ್ಮ ಅಪ್ಲಿಕೇಶನ್ ಕ್ಲೋಜರ್ 1.11 ಮೇಲಿದ್ದು, ಅದರಲ್ಲಿ ಹೊಸದಾಗಿ ಬಂದ ‘ಅಪ್‌ಡೇಟ್-ವ್ಯಾಲ್ಸ್’ ಅಥವಾ ‘ಪಾರ್ಸ್-ಲಾಂಗ್’ ಬಳಸಿದ್ದೀರಿ ಅನ್ನಿ. ಹಳೆಯ ಟ್ರಾನ್ಸಾಕ್ಟರ್‌ನಲ್ಲಿ ಅದು ಸಿಗುವುದಿಲ್ಲ. ಇನ್ನೊಂದು, ಡಿಪ್ಲಾಯ್ ಮಾಡುವಾಗ ‘ಕೋಡು ಬದಲಾಗಿದೆಯಾ’ ಅಂತ ಹುಟ್ಟಿದ ಕೋಡನ್ನೇ ಹೋಲಿಸಿದರೆ ಪ್ರತಿ ಸಲವೂ ಬದಲಾದಂತೆ ಕಾಣಬಹುದು. ಹ್ಯಾಶ್ (#) ಗುರುತಿನ ಚುಟುಕು ಫಂಕ್ಷನ್ನಿಗೆ ರೀಡರ್ ಪ್ರತಿ ಓದಿಗೂ ಹೊಸ ಪ್ಯಾರಾಮೀಟರ್ ಹೆಸರು ಕೊಡುತ್ತದೆ. ಹಾಗಾಗಿ ಮೂಲ ಪಠ್ಯದಿಂದ ಒಂದು ಹ್ಯಾಶ್ (ಪಠ್ಯದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ ಅದನ್ನು ಹೋಲಿಸಿ.

ಎಡಿಟರ್, ಲಿಂಟರ್, ಟೆಸ್ಟ್ ಎಲ್ಲ ವಾಪಸ್ ಸಿಗುತ್ತವೆ, ರೀಸ್ಟಾರ್ಟ್ ಕೂಡ ಬೇಡ. ಇದರ ಬೆಲೆ ಏನೆಂದರೆ ನೀವೀಗ ಒಂದು ಸಣ್ಣ ಕಂಪೈಲರ್ ಸಾಕುತ್ತಿದ್ದೀರಿ. ಎರರ್ ಬಂದಾಗ ಸ್ಟ್ಯಾಕ್ ಟ್ರೇಸಿನ ಸಾಲು ಸಂಖ್ಯೆ ನಿಮ್ಮ ಫೈಲಿಗೆ ಹೊಂದುವುದಿಲ್ಲ. ತಂಡದಲ್ಲಿ ಒಬ್ಬರಿಗೆ ಮಾತ್ರ ಆ ಮ್ಯಾಕ್ರೊ ಅರ್ಥವಾಗುತ್ತದೆ ಅಂದರೆ, ಅವರು ಬೇರೆ ಕಂಪನಿಗೆ ಹೋದ ದಿನ ಕಷ್ಟ. ಬೆಂಗಳೂರಿನಲ್ಲಿ ಅದು ಬರಿಯ ಊಹೆಯ ಮಾತಲ್ಲ.

ಕ್ಲಾಸ್‌ಪಾತ್‌ನಲ್ಲಿ ಇಡುವುದು

ಕ್ಲಾಸ್‌ಪಾತ್ ಅಂದರೆ ಪ್ರೋಸೆಸ್ ತನ್ನ ಕೋಡನ್ನು ಹುಡುಕುವ ಜಾಗಗಳ ಪಟ್ಟಿ. ಈ ದಾರಿಯಲ್ಲಿ ಏನನ್ನೂ ಹುಟ್ಟಿಸಬೇಕಾಗಿಲ್ಲ. ಫಂಕ್ಷನ್ ಇರುವ ಜಾರ್ ಫೈಲನ್ನು (ಕೋಡಿನ ಕಟ್ಟನ್ನು) ಟ್ರಾನ್ಸಾಕ್ಟರ್‌ಗೆ ಕೊಡುತ್ತೀರಿ. ಅದಕ್ಕೆಂದೇ ಹೊರಗಿನ ಕ್ಲಾಸ್‌ಪಾತ್ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದಿದೆ. ಆಮೇಲೆ ಟ್ರಾನ್ಸಾಕ್ಷನ್ ಡೇಟಾದಲ್ಲಿ ಫಂಕ್ಷನ್ನಿನ ಪೂರ್ತಿ ಹೆಸರನ್ನು ಸಿಂಬಲ್ ಆಗಿ ಬರೆದರೆ ಆಯಿತು. ಹೆಲ್ಪರ್, ರೆಕಾರ್ಡ್, ಮಲ್ಟಿಮೆಥಡ್ ಎಲ್ಲ ನಡೆಯುತ್ತವೆ. ಸಾಲು ಸಂಖ್ಯೆಯೂ ಸರಿ ಬರುತ್ತದೆ.

ನಿಮ್ಮ ಟ್ರಾನ್ಸಾಕ್ಟರ್ ನಿಮ್ಮ ಕೈಯಲ್ಲೇ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಹುಟ್ಟಿಸುವ ಮ್ಯಾಕ್ರೊ ಎಷ್ಟೇ ಚೆನ್ನಾಗಿರಲಿ, ಇಲ್ಲದ ಮ್ಯಾಕ್ರೊ ಅದಕ್ಕಿಂತ ಚೆನ್ನ.

ತೊಂದರೆ ಎಲ್ಲಿ ಅಂದರೆ, ಕೋಡು ಬದಲಾದರೆ ಟ್ರಾನ್ಸಾಕ್ಟರ್ ರೀಸ್ಟಾರ್ಟ್ ಆಗಬೇಕು. ಕಾದುಕೊಂಡಿರುವ ಸ್ಟ್ಯಾಂಡ್‌ಬೈ ಇದ್ದರೆ ಮೊದಲು ಅದಕ್ಕೆ ಹೊಸ ಜಾರ್ ಕೊಟ್ಟು, ಆಮೇಲೆ ಓಡುತ್ತಿರುವುದನ್ನು ನಿಲ್ಲಿಸಿ. ಬರೆಯುವ ಕೆಲಸ ಸ್ವಲ್ಪ ಹೊತ್ತು ನಿಂತು ಮುಂದುವರಿಯುತ್ತದೆ. ನಮ್ಮ ಮಂಟಪದ ಸಾಫ್ಟ್‌ವೇರಿಗೆ ಆಷಾಢ ಮಾಸ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆದರೆ ಡೇಟಾಬೇಸನ್ನು ನೋಡಿಕೊಳ್ಳುವ ತಂಡ ಬೇರೆಯಾಗಿದ್ದು, ಪ್ರತಿ ರೀಸ್ಟಾರ್ಟ್‌ಗೂ ಅರ್ಜಿ ಹಾಕಿ ವಾರ ಕಾಯಬೇಕಾದರೆ? ಅಥವಾ ಒಂದೇ ಟ್ರಾನ್ಸಾಕ್ಟರ್ ಮೇಲೆ ನಾಲ್ಕಾರು ತಂಡದ ಡೇಟಾಬೇಸ್‌ಗಳಿದ್ದು, ಒಬ್ಬೊಬ್ಬರಿಗೆ ಒಂದೊಂದು ಆವೃತ್ತಿ ಬೇಕಾದರೆ? ಹುಟ್ಟಿಸುವ ದಾರಿ ಗೆಲ್ಲುವುದು ಇಲ್ಲಿ.

ಒಂದು ಬಲೆ ಇದೆ, ಹೊಸಬರು ಬೇಗ ಬೀಳುತ್ತಾರೆ. ಟೆಸ್ಟ್‌ನಲ್ಲಿ ಬಳಸುವ ಮೆಮೊರಿ ಡೇಟಾಬೇಸಿನಲ್ಲಿ ಟ್ರಾನ್ಸಾಕ್ಟರ್ ನಿಮ್ಮ ಪ್ರೋಸೆಸ್ ಒಳಗೇ ಓಡುತ್ತದೆ. ಅಲ್ಲಿ ನಿಮ್ಮ ಕೋಡೆಲ್ಲ ಕಾಣುತ್ತದೆ. ಟೆಸ್ಟ್‌ಗಳು ಹಸಿರು, ಪ್ರೊಡಕ್ಷನ್‌ನಲ್ಲಿ ‘ಫಂಕ್ಷನ್ ಸಿಗಲಿಲ್ಲ’. ‘ವಿತ್’ ಬಳಸಿ ಬರೆಯದೆ ನೋಡುವಾಗಲೂ ಫಂಕ್ಷನ್ ಪೀರ್‌ನಲ್ಲೇ ಓಡುತ್ತದೆ, ಅದೂ ಪೀರ್‌ನ ಕ್ಲಾಸ್‌ಪಾತನ್ನೇ ನೋಡುತ್ತದೆ. ನಿಜವಾದ ಟ್ರಾನ್ಸಾಕ್ಟರ್ ಬೇರೆ ಪ್ರೋಸೆಸ್ ಆಗಿರುವ ಟೆಸ್ಟ್ ಒಂದಾದರೂ ಇರಲೇಬೇಕು. ಹುಟ್ಟಿಸುವ ದಾರಿಗೂ ಇದೇ ಮಾತು.

ಡೇಟಾಮಿಕ್ ಕ್ಲೌಡ್‌ನಲ್ಲಿ ಈ ಚರ್ಚೆಯೇ ಇಲ್ಲ. ಅಲ್ಲಿ ಐಯಾನ್ಸ್ ಅನ್ನುವ ಸೌಲಭ್ಯದ ಮೂಲಕ ಕೋಡನ್ನು ಡಿಪ್ಲಾಯ್ ಮಾಡಿ, ಕಾನ್ಫಿಗ್ ಫೈಲಿನ ಅನುಮತಿ ಪಟ್ಟಿಯಲ್ಲಿ ಫಂಕ್ಷನ್ನಿನ ಹೆಸರು ಸೇರಿಸಬೇಕು. ಪಟ್ಟಿಯಲ್ಲಿ ಇಲ್ಲದ್ದು ಓಡುವುದಿಲ್ಲ.

ಬೇರೆ ಡೇಟಾಬೇಸ್ ನೋಡುವವರಿಗೆ

ಡೇಟಾಸ್ಕ್ರಿಪ್ಟ್ ನಿಮ್ಮ ಪ್ರೋಸೆಸ್ಸಿನ ಮೆಮೊರಿಯಲ್ಲೇ ಇರುತ್ತದೆ. ಯಾವ ಫಂಕ್ಷನ್ನನ್ನಾದರೂ, ಕ್ಲೋಷರ್ ಆದರೂ, ನೇರ ಟ್ರಾನ್ಸಾಕ್ಷನ್ ಒಳಗೆ ಕೊಡಬಹುದು. ಸಾಗಾಟದ ಪ್ರಶ್ನೆಯೇ ಇಲ್ಲ. ಎಕ್ಸ್‌ಟಿಡಿಬಿ 1ರಲ್ಲಿ ಕೋಟ್ ಮಾಡಿದ ಕೋಡನ್ನು ಡಾಕ್ಯುಮೆಂಟ್ ಆಗಿ ಇಡುತ್ತಾರೆ. ಅದು ಪ್ರತಿ ನೋಡ್‌ನಲ್ಲೂ ಓಡುವುದರಿಂದ ಎಲ್ಲ ಕಡೆ ಒಂದೇ ಉತ್ತರ ಬರಬೇಕು. ಒಳಗೆ ಗಡಿಯಾರ ನೋಡಿದರೆ, ರ‍್ಯಾಂಡಮ್ ಸಂಖ್ಯೆ ತೆಗೆದರೆ ನೋಡ್‌ಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಡೇಟಾಮಿಕ್‌ನಲ್ಲಿ ಫಂಕ್ಷನ್ ಒಂದು ಕಡೆ ಓಡಿ ಅದರ ಫಲ ಮಾತ್ರ ಲಾಗ್‌ಗೆ ಹೋಗುತ್ತದೆ. ಆದರೂ ಸಮಯವನ್ನು ಆರ್ಗ್ಯುಮೆಂಟ್ ಆಗಿಯೇ ಕೊಡಿ, ಟೆಸ್ಟ್ ಸುಲಭ.

ಯಾವ ದಾರಿ ಹಿಡಿದರೂ ಕಾಡುವ ವಿಷಯಗಳು

ಟ್ರಾನ್ಸಾಕ್ಷನ್ ಫಂಕ್ಷನ್ನಿಗೆ ಕಾಣುವುದು ಆ ಟ್ರಾನ್ಸಾಕ್ಷನ್ ಶುರುವಾಗುವ ಮುಂಚಿನ ಡೇಟಾಬೇಸ್. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬುಕಿಂಗ್ ಫಂಕ್ಷನ್ನನ್ನು ಎರಡು ಸಲ ಕರೆದರೆ, ಎರಡಕ್ಕೂ ಮಂಟಪ ಖಾಲಿ ಕಾಣುತ್ತದೆ. ಎರಡೂ ಪಾಸ್. ಇದಕ್ಕೆ ಎರಡು ಪರಿಹಾರ ಇವೆ. ಪೂರ್ತಿ ಪಟ್ಟಿಯನ್ನೇ ತೆಗೆದುಕೊಳ್ಳುವ ಒಂದು ಫಂಕ್ಷನ್ ಬರೆದು, ಒಳಗೆ ಅವುಗಳನ್ನೂ ತಮ್ಮತಮ್ಮಲ್ಲಿ ತಾಳೆ ನೋಡಬಹುದು. ಇಲ್ಲವೇ ಎಂಟಿಟಿ ಪ್ರೆಡಿಕೇಟ್, ಅಂದರೆ ಒಂದು ದಾಖಲೆ ಸರಿಯಿದೆಯಾ ಅಂತ ನೋಡುವ ಫಂಕ್ಷನ್, ಹಾಕಬಹುದು. ಅದಕ್ಕೆ ಟ್ರಾನ್ಸಾಕ್ಷನ್ ಆದ ಮೇಲಿನ ಡೇಟಾಬೇಸ್ ಕಾಣುತ್ತದೆ, ಒಪ್ಪದಿದ್ದರೆ ಇಡೀ ಟ್ರಾನ್ಸಾಕ್ಷನ್ ರದ್ದು. ಆದರೆ ಪ್ರೆಡಿಕೇಟ್‌ಗಳು ಕ್ಲಾಸ್‌ಪಾತ್‌ನಲ್ಲೇ ಇರಬೇಕು, ಮತ್ತು ಪ್ರತಿ ಟ್ರಾನ್ಸಾಕ್ಷನ್‌ನಲ್ಲೂ ‘ಎನ್‌ಶೂರ್’ ಅಂತ ನೀವೇ ಕೇಳಬೇಕು, ತಾನಾಗಿ ಓಡುವುದಿಲ್ಲ. ಎಂಟಿಟಿ ಪ್ರೆಡಿಕೇಟ್ ಬೇಕೇಬೇಕು ಅಂದರೆ ಜಾರ್ ಹೇಗೂ ಹೋಗುತ್ತದೆ. ಆಮೇಲೆ ಫಂಕ್ಷನ್ನನ್ನು ಹುಟ್ಟಿಸುವುದರಲ್ಲಿ ಅರ್ಥ ಇಲ್ಲ.

ಆರ್ಗ್ಯುಮೆಂಟ್‌ಗಳನ್ನು ಡೇಟಾಮಿಕ್ ಬಿಡಿಸಿ ಕೊಡುವುದಿಲ್ಲ. ಲುಕಪ್ ರೆಫ್ (ಯೂನೀಕ್ ಆಟ್ರಿಬ್ಯೂಟ್ ಮತ್ತು ಅದರ ಬೆಲೆಯ ಜೋಡಿ) ಕಳಿಸಿದರೆ ಅದು ಪಟ್ಟಿಯಾಗಿಯೇ ಬರುತ್ತದೆ, ಒಳಗೆ ನೀವೇ ಐಡಿ ಹುಡುಕಬೇಕು. ತಾತ್ಕಾಲಿಕ ಐಡಿ ಬಂದರೆ ಅದನ್ನು ಡೇಟಾಬೇಸಿನಲ್ಲಿ ಹುಡುಕಲೂ ಆಗುವುದಿಲ್ಲ.

ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ. ನಿಮ್ಮ ಫಂಕ್ಷನ್ ಓಡುವಷ್ಟು ಹೊತ್ತು ಎಲ್ಲ ಮಂಟಪಗಳ ಎಲ್ಲ ಬರವಣಿಗೆಯೂ ಕಾಯುತ್ತದೆ. ಎಸ್‌ಎಂಎಸ್ ಕಳಿಸುವುದು, ಪೇಮೆಂಟ್ ಗೇಟ್‌ವೇ ಕೇಳುವುದು ಅಲ್ಲಿ ಬೇಡವೇ ಬೇಡ. ದೊಡ್ಡ ಹುಡುಕಾಟವನ್ನು ಪೀರ್‌ನಲ್ಲೇ ಮಾಡಿ, ‘ಇಷ್ಟು ಬುಕಿಂಗ್‌ಗಳನ್ನು ಮಾತ್ರ ನೋಡು’ ಅನ್ನುವ ಹಾಗೆ ಮಂಟಪ ಮತ್ತು ತಾರೀಖಿನ ವ್ಯಾಪ್ತಿ ಕೊಟ್ಟು ಇಂಡೆಕ್ಸ್‌ನಿಂದ ಓದಿ.

ಒಂದು ದಾರಿಯಿಂದ ಇನ್ನೊಂದಕ್ಕೆ ಹೋಗುವುದು

ಡೇಟಾಬೇಸಿನಲ್ಲಿ ಕೂತಿರುವ ಫಂಕ್ಷನ್‌ನಿಂದ ಕ್ಲಾಸ್‌ಪಾತ್‌ಗೆ ಹೋಗುವುದು ಕಷ್ಟವಲ್ಲ. ಕೋಡು ಸಾದಾ ಫಂಕ್ಷನ್ ಆಗಿಯೇ ಇದ್ದರೆ ಮ್ಯಾಕ್ರೊ ತೆಗೆದರೆ ಆಯಿತು. ಕಷ್ಟ ಇರುವುದು ಕರೆಯುವವರಲ್ಲಿ. ಹಳೆಯ ಪೀರ್‌ಗಳು ಇನ್ನೂ ಹಳೆಯ ಹೆಸರಿನಿಂದ, ಹಳೆಯ ಆರ್ಗ್ಯುಮೆಂಟ್‌ಗಳಿಂದ ಕರೆಯುತ್ತಿರುತ್ತವೆ. ಆದ್ದರಿಂದ ಅದೇ ಹೆಸರಿನ ಅರ್ಥ ಬದಲಾಯಿಸಬೇಡಿ, ಹೊಸ ಹೆಸರು ಕೊಡಿ. ಮೊದಲು ಟ್ರಾನ್ಸಾಕ್ಟರ್‌ಗೆ ಹೊಸ ಜಾರ್, ಆಮೇಲೆ ಪೀರ್‌ಗಳು.

ಹಳೆಯದನ್ನು ಯಾರಾದರೂ ಇನ್ನೂ ಕರೆಯುತ್ತಿದ್ದಾರಾ ಅಂತ ಡೇಟಾಮಿಕ್ ಲಾಗ್ ನೋಡಿ ತಿಳಿಯುವುದಿಲ್ಲ. ಅಲ್ಲಿ ಫಲ ಇರುತ್ತದೆಯೇ ಹೊರತು ಯಾವ ಫಂಕ್ಷನ್ ಓಡಿತು ಅನ್ನುವುದು ಇರುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಫಂಕ್ಷನ್ನೂ ತನ್ನ ಹೆಸರು ಮತ್ತು ಮೂಲ ಪಠ್ಯದ ಹ್ಯಾಶ್ಶನ್ನು ಆ ಟ್ರಾನ್ಸಾಕ್ಷನ್ ಎಂಟಿಟಿಯ ಮೇಲೇ ಬರೆಯಲಿ. ಟ್ರಾನ್ಸಾಕ್ಷನ್ ಕೂಡ ಡೇಟಾಮಿಕ್‌ನಲ್ಲಿ ಒಂದು ಎಂಟಿಟಿ, ಅದಕ್ಕೆ ಬೇಕಾದ ಆಟ್ರಿಬ್ಯೂಟ್ ಸೇರಿಸಬಹುದು. ಒಂದು ಮದುವೆ ಸೀಸನ್ ಪೂರ್ತಿ ಹಳೆಯ ಹೆಸರು ಎಲ್ಲೂ ಕಾಣದಿದ್ದರೆ, ಆ ಫಂಕ್ಷನ್ನನ್ನು ರಿಟ್ರಾಕ್ಟ್ ಮಾಡಿ, ಅಂದರೆ ಹಿಂತೆಗೆಯಿರಿ. ಇತಿಹಾಸದಲ್ಲಿ ಅದರ ಕೋಡು ಹೇಗೂ ಉಳಿದಿರುತ್ತದೆ.